ಪ್ರಸಾರಯಂತ್ರವೂ ಪ್ರತಿನಿಧಿಯೂ

ಶಬ್ದವು ಆಕಾಶದ ಗುಣವೆಂದು ನೈಯಾಯಿಕರು ನಿರ್ಣಯಿಸಿದರು. ಒಂದೆಡೆ ಹುಟ್ಟಿದ ಶಬ್ದವು ಮತ್ತೊಂದೆಡೆಯ ಕಿವಿಯನ್ನು ಮುಟ್ಟುವುದು ಹೇಗೆಂಬ ಪ್ರಶ್ನೆಗೆ, ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟಿ ದಡಕ್ಕೆ ಸೇರುವಂತೆ ಎಂದು ಕೆಲವರೂ, ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಬಿರಿಯುವಂತೆ ಎಂದು ಕೆಲವರೂ ದೃಷ್ಟಾಂತ ಕೊಟ್ಟರು. ಬಾನುಲಿ ಬಂದ ಮೇಲೆ ಪಾಠಶಾಲೆಯ ಜಗಲಿಗಳಲ್ಲಿ ಈ ಎರಡು ನ್ಯಾಯಗಳನ್ನು ಮುಂದಿಟ್ಟುಕೊಂಡು, ಇದೆಲ್ಲವೂ ಪೂರ್ವಿಕರಿಗೆ ತಿಳಿದಿದ್ದುದೇ ಎಂದು ಸಂತೋಷಪಟ್ಟವರುಂಟು. ದೃಷ್ಟಾಂತಗಳು ಸುಂದರವಾದುವು, ಆದರೆ ಸಂತೋಷವು ಅಷ್ಟಾಗಿ ಸಲ್ಲದು. ಬಾನುಲಿಯಲ್ಲಿ ಆಕಾಶಮಾರ್ಗವಾಗಿ ಹೋಗುವುದು ಶಬ್ದವೇ ಅಲ್ಲ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ, ಬೆಳಕಿನ ಜಾತಿಗೇ ಸೇರಿದ ವಿದ್ಯುತ್ಕಾಂತ ತರಂಗವೊಂದು ಹೋಗುತ್ತದೆ. ಶಬ್ದವು ತನ್ನ ಏರಿಳಿತದ ಗುರುತನ್ನು ಅದರ ಮೇಲೆ ಮೂಡಿಸಿರುತ್ತದೆ, ಅಷ್ಟೆ. ತರಂಗವು ಕುದುರೆ, ಶಬ್ದವು ಸವಾರ.

ಈ ಉಪಮಾನವನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದರೆ ಬಾನುಲಿ ನಿಲಯವೊಂದರ ನಿಜವಾದ ಕಷ್ಟವು ಗೋಚರವಾಗುತ್ತದೆ. ಸವಾರನು ಬಿದ್ದುಹೋದರೂ ಕುದುರೆ ಓಡುತ್ತಲೇ ಇರುತ್ತದೆ. ಸ್ಟುಡಿಯೋದಲ್ಲಿ ಮಾತು ನಿಂತುಹೋಗಲಿ, ಮಾತನ್ನು ತರುವ ತಂತಿಯು ಕಡಿದುಹೋಗಲಿ, ಊರ ಹೊರಗಿನ ಬಯಲಿನಲ್ಲಿ ನಿಂತಿರುವ ಪ್ರಸಾರಯಂತ್ರಕ್ಕೆ ಅದರ ಪರಿವೆಯೇ ಇಲ್ಲ. ಅದು ವಿದ್ಯುತ್ತನ್ನು ಸೇವಿಸುತ್ತ, ಬಿಸಿಯಾಗುತ್ತ, ಬೀಸಣಿಗೆಗಳನ್ನು ತಿರುಗಿಸುತ್ತ, ಏನೂ ಇಲ್ಲದುದನ್ನು ಸಾಂಗವಾಗಿ ದಿಕ್ಕುದಿಕ್ಕಿಗೆ ಸಾರುತ್ತಿರುತ್ತದೆ. ರೇಡಿಯೋವನ್ನು ಬಹುಕಾಲ ಕೇಳಿ ಪಳಗಿದವರು ಇದನ್ನು ಕಿವಿಯಿಂದಲೇ ಗುರುತಿಸಬಲ್ಲರು. ಪೆಟ್ಟಿಗೆಯಿಂದ 'ಸುಯ್' ಎಂಬ ಸದ್ದು ಎದ್ದರೆ ಪ್ರಸಾರಯಂತ್ರವೇ ನಿಂತಿದೆಯೆಂದು ಅರ್ಥ. ಆ ಸುಯ್ಲೂ ಇಲ್ಲದೆ ನಿಚ್ಚಳವಾದ ನಿಶ್ಶಬ್ದವಿದ್ದರೆ ಯಂತ್ರವು ಬದುಕಿದೆ, ಅದಕ್ಕೆ ಮಾತು ಬರುತ್ತಿಲ್ಲವೆಂದು ಅರ್ಥ. ಎರಡನೆಯದೇ ಹೆಚ್ಚು ಕರುಣಾಜನಕವಾದ ಸ್ಥಿತಿ. ಬಾನುಲಿ ನಿಲಯವನ್ನು ಸ್ಥಾಪಿಸುವುದೆಂದರೆ ಎತ್ತರದ ಕಂಬವನ್ನು ನೆಡುವುದೆಂದು ಜನ ತಿಳಿದಿರುತ್ತಾರೆ. ಕಂಬವನ್ನು ನೆಡುವುದು ಹಣದ ಮಾತು, ಒಮ್ಮೆ ಆಗುವ ಕೆಲಸ. ಕಂಬಕ್ಕೆ ಎಂದೂ ಮಾತು ತಪ್ಪದಂತೆ ಏರ್ಪಾಟು ಮಾಡುವುದು ಬುದ್ಧಿಯ ಮಾತು, ಎಂದೂ ಮುಗಿಯದ ಕೆಲಸ.

ಕನ್ನಡನಾಡಿನಲ್ಲಿ ಈ ಕಥೆ ಒಂದು ಮನೆಯಲ್ಲಿ ಆರಂಭವಾಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ತಿಂಗಳಿನಲ್ಲಿ 'ವಿಠಲ ವಿಹಾರ'ವೆಂಬ ತಮ್ಮ ಮನೆಯಿಂದಲೇ, ೩೦ ವಾಟಿನ ಪುಟ್ಟ ಯಂತ್ರವೊಂದನ್ನಿಟ್ಟುಕೊಂಡು ಪ್ರಸಾರಕಾರ್ಯವನ್ನು ತೊಡಗಿದರು. ಮೂವತ್ತು ವಾಟೆಂದರೆ ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ಸಾಧಾರಣ ಬಲ್ಬಿಗಿಂತಲೂ ಕಡಿಮೆ. ಮುಂದೆ ೨೫೦ ವಾಟಿನ ಯಂತ್ರ ಬಂದಿತು. ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. ೧೯೫೫ನೆಯ ನವೆಂಬರಿನಲ್ಲಿ ಅದು ಬೆಂಗಳೂರಿಗೆ ಹೋಯಿತು. ಆ ಮನೆಯ ನಿಲಯಕ್ಕೆ ಇಟ್ಟಿದ್ದ 'ಆಕಾಶವಾಣಿ' ಎಂಬ ಹೆಸರನ್ನೇ ಅಖಿಲ ಭಾರತದ ಬಾನುಲಿ ಸಂಸ್ಥೆಯೂ ೧೯೫೦ರ ದಶಕದಲ್ಲಿ ತನ್ನದನ್ನಾಗಿ ಮಾಡಿಕೊಂಡಿತು. ಹೆಸರೇನೋ ಉಚಿತವಾದುದೇ. ಆದರೂ ಕಂಸನ ಕಿವಿಗೆ ಬಿದ್ದ ಅಶರೀರವಾಣಿಗೆ ಸ್ಟುಡಿಯೋ ಇರಲಿಲ್ಲ, ತಂತಿ ಇರಲಿಲ್ಲ, ವಿದ್ಯುತ್ ಇಲಾಖೆಯ ದಾಕ್ಷಿಣ್ಯವೂ ಬೇಕಾಗಿರಲಿಲ್ಲ. ಮನುಷ್ಯರು ನಡೆಸುವ ಆಕಾಶವಾಣಿಗೆ ಶರೀರವಿದೆ, ಆ ಶರೀರಕ್ಕೆ ರೋಗಗಳೂ ಇವೆ.

ಮೈಸೂರಿನ ಆ ಮನೆಯಂತಹ ನಿಲಯದಲ್ಲಿ ಮಾತಾಡುವ ಬಾಯಿಯೂ ಸಾರುವ ಯಂತ್ರವೂ ಒಂದೇ ಸೂರಿನ ಕೆಳಗಿರುತ್ತವೆ. ನಡುವೆ ಹತ್ತಾರು ಅಡಿಯ ತಂತಿ. ಏನಾದರೂ ಕೆಟ್ಟರೆ ಎದ್ದುಹೋಗಿ ನೋಡಿದರಾಯಿತು. ನಿಲಯವು ದೊಡ್ಡದಾದಂತೆ ಈ ಕೂಡುಕುಟುಂಬವು ಒಡೆಯಲೇಬೇಕಾಗುತ್ತದೆ. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ.

ಬೆಂಗಳೂರು ನಿಲಯದ ಮಧ್ಯಮ ತರಂಗವೆಂದು ಶ್ರೋತೃಗಳು ದಶಕಗಳಿಂದ ಬಲ್ಲ ೬೧೨ ಕಿಲೋಹರ್ಟ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರು ಲಕ್ಷ ಕಿಲೋಮೀಟರನ್ನು ಸೆಕೆಂಡಿನ ಆರು ಲಕ್ಷ ಹನ್ನೆರಡು ಸಾವಿರ ಸ್ಪಂದನಗಳಿಂದ ಭಾಗಿಸಿದರೆ ಒಂದೊಂದು ಅಲೆಯ ಉದ್ದ ಸುಮಾರು ೪೯೦ ಮೀಟರೆಂದು ಹೊರಡುತ್ತದೆ. ಇಂತಹ ಅಲೆಯನ್ನು ಚೆನ್ನಾಗಿ ಹೊರಡಿಸಬೇಕಾದರೆ ಕಂಬವು ಅಲೆಯ ಕಾಲುಭಾಗದಷ್ಟಾದರೂ ಎತ್ತರವಿದ್ದರೆ ಒಳಿತು. ಎಂದರೆ ಸುಮಾರು ೧೨೨ ಮೀಟರು, ನಾಲ್ಕುನೂರು ಅಡಿ. ಮಧ್ಯಮ ತರಂಗದಲ್ಲಿ ಕಂಬವು ಏರಿಯಲನ್ನು ಹೊತ್ತಿರುವುದಲ್ಲ, ತಾನೇ ಏರಿಯಲಾಗಿರುತ್ತದೆ. ಆದುದರಿಂದ ಅಂತಹ ಕಂಬದ ಪಾದವು ಸಾಮಾನ್ಯವಾಗಿ ನೆಲವನ್ನು ಮುಟ್ಟುವುದಿಲ್ಲ. ಟನ್ನುಗಟ್ಟಲೆ ಭಾರವೆಲ್ಲ ಪಿಂಗಾಣಿಯ ಒಂದು ಗಟ್ಟಿ ಬುಡದ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿ ಎರಡು ಲೋಹದ ಗುಂಡುಗಳನ್ನು ಸ್ವಲ್ಪವೇ ಅಂತರದಲ್ಲಿ ಎದುರುಬದುರಾಗಿ ಇಟ್ಟಿರುತ್ತಾರೆ. ಸಿಡಿಲು ಬಡಿದರೆ ಅದು ಆ ಸಂದನ್ನು ಹಾರಿ ನೆಲಕ್ಕೆ ಇಳಿದುಹೋಗಲೆಂದು ಈ ಏರ್ಪಾಟು.

ಕಣ್ಣಿಗೆ ಕಾಣದ ಭಾಗ ಇನ್ನೂ ದೊಡ್ಡದು. ಕಂಬದ ಬುಡದಿಂದ ಸುತ್ತಲೂ, ರಥದ ಚಕ್ರದ ಅರಗಳಂತೆ, ತಾಮ್ರದ ತಂತಿಗಳನ್ನು ನೆಲದೊಳಗೆ ಹೂಳಿರುತ್ತಾರೆ. ನೂರಿಪ್ಪತ್ತು ತಂತಿಗಳು, ಒಂದೊಂದೂ ಹೆಚ್ಚುಕಡಿಮೆ ಕಂಬದ ಎತ್ತರದಷ್ಟು ಉದ್ದ, ಎಂಬುದು ಉತ್ತಮ ಪಕ್ಷವೆಂದು ಎಣಿಕೆ. ಮೇಲೆ ಕೊಂಬೆ ಚಾಚಿದಷ್ಟೇ ಕೆಳಗೆ ಬೇರು ಹರಡಿರುವ ಅರಳಿಯ ಮರದಂತೆ ಇದು. ನೆಲವು ಒಣಗಿದ್ದರೆ ದನಿ ಕುಂದುತ್ತದೆ, ತೇವವಿದ್ದರೆ ದೂರ ಹೋಗುತ್ತದೆ. ಈ ಕಾರಣದಿಂದ ಮಧ್ಯಮ ತರಂಗದ ಕಂಬಗಳಿಗೆ ತಗ್ಗಿನ, ತಂಪಾದ ಬಯಲನ್ನು ಹುಡುಕುವುದು ವಾಡಿಕೆ. ಎಫ್. ಎಂ. ಪ್ರಸಾರದ ಗುಣ ಇದಕ್ಕೆ ತೀರ ವಿರುದ್ಧ. ಅದರ ಅಲೆ ಸುಮಾರು ಮೂರೇ ಮೀಟರು. ಏರಿಯಲ್ಲು ಆಳುದ್ದವೂ ಇರಬೇಕಾಗಿಲ್ಲ. ಆದರೆ ಅದು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗತಕ್ಕುದಾದುದರಿಂದ ಎತ್ತರವನ್ನು ಬೇಡುತ್ತದೆ. ಹೀಗೆ ಒಂದು ಬಯಲಿಗೆ ಹೋಗುತ್ತದೆ, ಇನ್ನೊಂದು ಬೆಟ್ಟಕ್ಕೆ ಹೋಗುತ್ತದೆ. ಹಾಡುವವರೂ ಓದುವವರೂ ಸುದ್ದಿ ತರುವವರೂ ಊರೊಳಗೇ ಉಳಿಯುತ್ತಾರೆ. ಬಾಯಿ ಒಂದು ಕಡೆ, ಗಂಟಲು ಹತ್ತು ಮೈಲಿಯಾಚೆ.

ನಡುವಣ ಈ ದಾರಿಯೇ ನಿಲಯದ ಮರ್ಮಸ್ಥಾನ. ಮೊದಲು ಅಂಚೆ-ತಂತಿ ಇಲಾಖೆಯ ತಂತಿಗಳೇ ಇದಕ್ಕೆ ಗತಿಯಾಗಿದ್ದುವು. ಆಮೇಲೆ ಬೋಗುಣಿಯಾಕಾರದ ಏರಿಯಲುಗಳಿಂದ ಸಣ್ಣ ಅಲೆಗಳ ಮೂಲಕ ಸ್ಟುಡಿಯೋದಿಂದ ಕಂಬದ ತಾಣಕ್ಕೆ ನೇರವಾಗಿ ಕಳುಹಿಸುವ ಕ್ರಮ ಬಂದಿತು. ಇದಕ್ಕೆ ಎರಡೂ ತುದಿಗಳು ಒಂದನ್ನೊಂದು ನೋಡುತ್ತಿರಬೇಕು, ನಡುವೆ ಹೊಸದಾಗಿ ನಾಲ್ಕಂತಸ್ತಿನ ಮನೆಯೆದ್ದರೆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಉಪಗ್ರಹ. ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆ ಸಮವಾಗಿ ಸುತ್ತುತ್ತಿರುವ ಆ ಯಂತ್ರಕ್ಕೆ ಮಾತು ಏರಿ ಇಳಿಯುವಷ್ಟರಲ್ಲಿ ಸೆಕೆಂಡಿನ ಕಾಲುಭಾಗ ಕಳೆದಿರುತ್ತದೆ. ಈಚೆಗೆ ಗಾಜಿನ ಎಳೆಗಳೂ ಅಂತರ್ಜಾಲವೂ ಸೇರಿಕೊಂಡಿವೆ.

ಒಂದೊಂದು ದಾರಿಗೂ ಅದರದರ ವ್ಯಾಧಿ. ತಂತಿಯನ್ನು ಕಡಿಯುವುದಕ್ಕೆ ಒಬ್ಬ ಗುತ್ತಿಗೆದಾರನ ಅಗೆಯುವ ಯಂತ್ರ ಸಾಕು. ಉಪಗ್ರಹದ ಸಂಕೇತವು ಜಡಿಮಳೆಯಲ್ಲಿ ಕುಗ್ಗುತ್ತದೆ. ಎಂದರೆ ಊರಿಗೆ ಬಾನುಲಿ ಅತ್ಯವಶ್ಯವಾಗುವ ಹೊತ್ತಿನಲ್ಲೇ ಅದು ಬಲಹೀನವಾಗುತ್ತದೆ. ಇದಲ್ಲದೆ ಪಂಚಾಂಗವನ್ನು ಬಲ್ಲವರು ಕೇಳಿ ಸಂತೋಷಪಡತಕ್ಕ ವಿಚಾರವೊಂದುಂಟು. ಮೇಷ ವಿಷುವ, ತುಲಾ ವಿಷುವಗಳ ಆಸುಪಾಸಿನಲ್ಲಿ ಕೆಲವು ದಿನಗಳ ಮಟ್ಟಿಗೆ, ಹಗಲಿನ ಒಂದು ಗೊತ್ತಾದ ಗಳಿಗೆಯಲ್ಲಿ, ನೆಲದ ಬೋಗುಣಿಯಿಂದ ನೋಡಿದರೆ ಸೂರ್ಯನು ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಸೂರ್ಯನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಕೆಲವು ನಿಮಿಷ ಮುಳುಗಿಹೋಗುತ್ತದೆ. ಗ್ರಹಣದಂತೆ ಇದನ್ನೂ ಮೊದಲೇ ಗಣಿತದಿಂದ ಹೇಳಬಹುದು, ಹೇಳುತ್ತಾರೆ, ತಪ್ಪಿಸಲಾಗದು. ಆ ಕೆಲವು ನಿಮಿಷಗಳಿಗೆ ಬೇರೊಂದು ದಾರಿ ಇರಲೇಬೇಕು.

ಬೇರೊಂದು ದಾರಿ ಎಂಬಲ್ಲಿ 'ಬೇರೆ' ಎಂಬ ಮಾತಿಗೆ ಅರ್ಥವಿರಬೇಕಷ್ಟೆ. ನಿಲಯಗಳನ್ನು ಕಟ್ಟುವವರು ಮೋಸಹೋಗುವುದು ಇಲ್ಲಿಯೇ. ಎರಡು ತಂತಿಗಳನ್ನು ಬಾಡಿಗೆಗೆ ಪಡೆದಿರುತ್ತಾರೆ, ಎರಡೂ ಒಂದೇ ಕಾಲುವೆಯಲ್ಲಿ ಮಲಗಿರುತ್ತವೆ. ಎರಡು ಯಂತ್ರಗಳನ್ನು ಕೊಂಡಿರುತ್ತಾರೆ, ಎರಡೂ ಒಂದೇ ಗೋಡೆಯ ಪ್ಲಗ್ಗಿಗೆ ಚುಚ್ಚಿರುತ್ತವೆ. ಡೀಸೆಲ್ ಜನರೇಟರನ್ನು ತಂದು ಪೂಜೆಮಾಡಿ ನಿಲ್ಲಿಸಿರುತ್ತಾರೆ. ಅದನ್ನು ಚಾಲನೆಮಾಡುವ ಬ್ಯಾಟರಿ ಸತ್ತು ಆರು ತಿಂಗಳಾಗಿರುತ್ತದೆ. ಬಾವಿಗೆ ಎರಡು ಕೊಡವಿದ್ದು ಹಗ್ಗ ಒಂದೇ ಆದರೆ, ಹಗ್ಗ ಹರಿದ ದಿನ ಎರಡು ಕೊಡಗಳ ಶ್ರೀಮಂತಿಕೆಯಿಂದ ಫಲವೇನು? ಎರಡನೆಯದು ಮೊದಲನೆಯದರ ರೋಗವನ್ನು ಹಂಚಿಕೊಳ್ಳಬಾರದು. ಒಂದು ನೆಲದೊಳಗೆ ಬಂದರೆ ಇನ್ನೊಂದು ಗಾಳಿಯಲ್ಲಿ ಬರಬೇಕು. ಒಂದು ಉತ್ತರದ ರಸ್ತೆಯಿಂದ ಬಂದರೆ ಇನ್ನೊಂದು ದಕ್ಷಿಣದ ರಸ್ತೆಯಿಂದ ಬರಬೇಕು. ಹೊರಗಿನಿಂದ ಬರುವ ದಾರಿಗಳೆಲ್ಲ ಕಡಿದರೂ ಆಗಬೇಕೆಂದು ಕೊನೆಯದೊಂದು ಧ್ವನಿಯನ್ನು ಕಂಬದ ಬುಡದ ಕೊಠಡಿಯಲ್ಲೇ ಮುದ್ರಿಸಿ ಇಟ್ಟಿರಬೇಕು. ಪ್ರಸಾರಯಂತ್ರವೂ ಜೋಡಿಯಾಗಿರುವುದು ಮೇಲು. ಬಿಡುವಾಗಿರುವ ಯಂತ್ರವನ್ನು ಏರಿಯಲ್ಲಿಗೆ ಬದಲಾಗಿ ಬರಿಯ ಪ್ರತಿರೋಧವೊಂದಕ್ಕೆ ಕಟ್ಟಿ ಆಗಾಗ ಓಡಿಸಿ ನೋಡುತ್ತಾರೆ, ಅದರ ಶಕ್ತಿಯೆಲ್ಲ ಆಕಾಶಕ್ಕೆ ಹೋಗದೆ ಬರಿಯ ಶಾಖವಾಗಿ ತೀರುತ್ತದೆ. ಕುಸ್ತಿಯಿಲ್ಲದ ದಿನಗಳಲ್ಲಿಯೂ ಪೈಲವಾನನು ಗರಡಿಯ ಮಣ್ಣಿನಲ್ಲಿ ಬೆವರು ಸುರಿಸುವಂತೆ.

ಇಷ್ಟು ಹೇಳುವಾಗ ಪೂರ್ವಮೀಮಾಂಸೆಯ ಪ್ರತಿನಿಧಿವಿಚಾರವು ನೆನಪಿಗೆ ಬಾರದೆ ಇರದು. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಯಾಗಕ್ಕೆ ವಿಹಿತವಾದ ದ್ರವ್ಯ ದೊರೆಯದಿದ್ದರೆ ಏನು ಮಾಡತಕ್ಕುದು ಎಂಬ ಚರ್ಚೆಯುಂಟು. ನಿತ್ಯಕರ್ಮವನ್ನು ದ್ರವ್ಯವಿಲ್ಲವೆಂದು ಬಿಡಲಾಗದು. ಬದಲು ದ್ರವ್ಯದಿಂದಾದರೂ ನಡೆಸಬೇಕು. ವ್ರೀಹಿ ಇಲ್ಲವಾದರೆ ನೀವಾರ, ಸೋಮ ಸಿಕ್ಕದಿದ್ದರೆ ಪೂತೀಕ. ಬದಲು ದ್ರವ್ಯವು ಮೂಲವನ್ನು ಹೋಲತಕ್ಕುದು. ಇದಕ್ಕಿಂತಲೂ ಸೂಕ್ಷ್ಮವಾದ ಮಾತು ಮುಂದೆ ಬರುತ್ತದೆ: ಬದಲಿಗೆ ತಂದುದೂ ಕೆಟ್ಟುಹೋದರೆ, ಆಗ ಹುಡುಕಬೇಕಾದುದು ಬದಲನ್ನು ಹೋಲುವ ವಸ್ತುವನ್ನಲ್ಲ, ಮೂಲವನ್ನು ಹೋಲುವ ವಸ್ತುವನ್ನು. ಹೋಲಿಕೆಯ ಹೋಲಿಕೆಯನ್ನು ಹಿಡಿದುಹೊರಟರೆ ಮೂರು ಹೆಜ್ಜೆಗೆ ಯಾಗವೇ ಬೇರೆಯಾಗಿಬಿಡುತ್ತದೆ.

ಬಾನುಲಿಗೆ ನಿತ್ಯಕರ್ಮದ ಈ ನಿಯಮವು ಅಕ್ಷರಶಃ ಸಲ್ಲುತ್ತದೆ. ಮೊದಲನೆಯ ಧ್ವನಿ ತಪ್ಪಿದಾಗ ಎರಡನೆಯದಾಗಿ ಯಾವುದೋ ಗೀತಮಾಲೆಯನ್ನಿಟ್ಟು, ಅದೂ ತಪ್ಪಿದರೆ ಅದಕ್ಕಿಂತ ಅಗ್ಗದ ಇನ್ನೊಂದು ಗೀತಮಾಲೆಯನ್ನಿಟ್ಟುಕೊಳ್ಳುವ ನಿಲಯಗಳಿವೆ. ಕೇಳುವವರಿಗೆ ಬೇಕಾದುದು ಆ ಹೊತ್ತಿಗೆ ಬರಬೇಕಾಗಿದ್ದ ವಾರ್ತೆ, ಹವಾಮಾನ, ಮಾರುಕಟ್ಟೆಯ ಧಾರಣೆ. ಎರಡನೆಯ ದಾರಿಯೂ ಮೂರನೆಯ ದಾರಿಯೂ ಸಾಧ್ಯವಿದ್ದಷ್ಟೂ ಮೂಲಧ್ವನಿಯನ್ನೇ ತರುವಂತಿರಬೇಕು. ಮುದ್ರಿತ ಸಂಗೀತವು ಎಲ್ಲವೂ ಕೈಬಿಟ್ಟ ಮೇಲಿನ ಮಾತು.

ಮೂಲಧ್ವನಿಯನ್ನೇ ಎರಡಾಗಿ ಇಟ್ಟುಕೊಂಡು ಕಾರ್ಯವನ್ನು ಗೆದ್ದುದಕ್ಕೆ ಇತಿಹಾಸದಲ್ಲಿ ಪ್ರಬಲವಾದ ದೃಷ್ಟಾಂತವೊಂದಿದೆ. ೧೯೪೫ನೆಯ ಆಗಸ್ಟ್ ೧೪ರ ರಾತ್ರಿ ಟೋಕಿಯೋ ನಗರದ ಅರಮನೆಯ ಆವರಣದಲ್ಲಿ ಜಪಾನಿನ ಚಕ್ರವರ್ತಿ ಹಿರೋಹಿತೊ ಯುದ್ಧವನ್ನು ನಿಲ್ಲಿಸುವ ಘೋಷಣೆಯನ್ನು ಓದಿದನು; ಅದನ್ನು ಧ್ವನಿತಟ್ಟೆಗಳ ಮೇಲೆ ಮುದ್ರಿಸಲಾಯಿತು. ಒಮ್ಮೆ ಓದಿದುದು ಸಾಲದೆಂದು ಎರಡನೆಯ ಸಲವೂ ಓದಿದನು. ಎರಡೂ ಮುದ್ರಣಗಳನ್ನು ಉಳಿಸಿಕೊಂಡರು. ಶರಣಾಗತಿಯನ್ನು ಒಪ್ಪದ ಸೈನ್ಯಾಧಿಕಾರಿಗಳ ಗುಂಪೊಂದು ಅದೇ ರಾತ್ರಿ ಅರಮನೆಯನ್ನು ಆಕ್ರಮಿಸಿ ಆ ತಟ್ಟೆಗಳಿಗಾಗಿ ಕೋಣೆಕೋಣೆಯನ್ನೂ ಜಾಲಾಡಿತು. ಆಸ್ಥಾನದ ಅಧಿಕಾರಿಯೊಬ್ಬರು ಅವುಗಳನ್ನು ಬಚ್ಚಿಟ್ಟಿದ್ದರು, ದಂಗೆಕಾರರಿಗೆ ಸಿಕ್ಕಲಿಲ್ಲ. ಆ ಗುಂಪಿನವರು ಬಾನುಲಿ ನಿಲಯಕ್ಕೂ ನುಗ್ಗಿ ತಮ್ಮ ಮಾತನ್ನು ಪ್ರಸಾರಮಾಡಬೇಕೆಂದು ಹಟಹಿಡಿದರು. ನಿಲಯದವರು ಅದಕ್ಕೆ ಒಡಂಬಡಲಿಲ್ಲ. ಮರುದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಜಪಾನಿನ ಜನ ತಮ್ಮ ಚಕ್ರವರ್ತಿಯ ಕಂಠವನ್ನು ಮೊತ್ತಮೊದಲಿಗೆ ಕೇಳಿದರು. ಅಂದು ಪ್ರಸಾರಯಂತ್ರದ ವಾಟುಗಳೆಷ್ಟೆಂದು ಯಾರೂ ಕೇಳಲಿಲ್ಲ. ಕೆಲವು ತಟ್ಟೆಗಳು ಒಂದು ರಾತ್ರಿ ಉಳಿದುವೋ ಇಲ್ಲವೋ ಎಂಬುದರ ಮೇಲೆ ಲಕ್ಷಾಂತರ ಪ್ರಾಣಗಳು ನಿಂತಿದ್ದುವು.

ಇನ್ನು, ಮೊದಲನೆಯ ಧ್ವನಿ ತಪ್ಪಿತೆಂದು ತಿಳಿಯುವವರು ಯಾರು? ಕಂಬದ ಬುಡದಲ್ಲಿ ಹಗಲಿರುಳು ಎಂಜಿನಿಯರೊಬ್ಬರು ಕುಳಿತು ಆಲಿಸುತ್ತಿದ್ದ ಕಾಲವು ಬಹಳ ಕಡೆಗಳಲ್ಲಿ ಕಳೆದುಹೋಯಿತು. ಆ ಕೆಲಸವನ್ನು ಈಗ ಅಂಗೈಯಗಲದ ಉಪಕರಣವೊಂದು ಮಾಡುತ್ತದೆ. ಬರುತ್ತಿರುವ ಧ್ವನಿ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದು, ಗೊತ್ತುಮಾಡಿದಷ್ಟು ಸೆಕೆಂಡು ಹಾಗೆಯೇ ಇದ್ದರೆ, ಅದು ಎರಡನೆಯ ದಾರಿಯನ್ನು ತೆರೆಯುತ್ತದೆ. ಅಲ್ಲಿಯೂ ನಿಶ್ಶಬ್ದವಾದರೆ ಮೂರನೆಯದನ್ನು. ಕೇಳುವುದಕ್ಕೆ ಸುಲಭ. ಆದರೆ ಆ ಸೆಕೆಂಡುಗಳು ಎಷ್ಟಿರಬೇಕು? ಐದೇ ಇಟ್ಟರೆ, ನಾಟಕದಲ್ಲಿ ತಾಯಿಯು ಮಗನ ಮರಣವಾರ್ತೆ ಕೇಳಿ ಸ್ತಬ್ಧಳಾಗುವ ಕ್ಷಣದಲ್ಲಿ ಯಂತ್ರವು ಅವಸರಪಟ್ಟು ಜಾಹೀರಾತಿನ ಹಾಡನ್ನು ತಂದು ಸುರಿಯುತ್ತದೆ. ಎರಡು ನಿಮಿಷ ಇಟ್ಟರೆ ಕೇಳುವವರು ಅಷ್ಟರಲ್ಲಿ ಬೇರೆ ನಿಲಯಕ್ಕೆ ಹೋಗಿರುತ್ತಾರೆ. ಆಲಾಪದಲ್ಲಿ ಷಡ್ಜವನ್ನು ಹಿಡಿದು ನಿಂತು ಉಸಿರೆಳೆಯುವ ವಿದ್ವಾಂಸರಿಗೂ, ಹರಿದ ತಂತಿಗೂ ಇರುವ ಭೇದವನ್ನು ಆ ಉಪಕರಣಕ್ಕೆ ಕಲಿಸಿದವರಿಲ್ಲ.

ಅದಕ್ಕೆ ಮೌನವೂ ಒಂದೇ, ಮೂಕತನವೂ ಒಂದೇ. ತರಗತಿಯ ಬಾಗಿಲಿಗೆ ಬಂದ ಉಪಾಧ್ಯಾಯನು ಒಳಗಿನ ಸದ್ದಿಲ್ಲದಿರುವಿಕೆಯನ್ನು ಕೇಳಿಯೇ ಅದು ಓದಿನ ಮೌನವೋ, ಬೆತ್ತದ ಭಯದ ಮೌನವೋ, ಕಿಟಕಿಯಿಂದ ಎಲ್ಲರೂ ಹಾರಿಹೋದ ಮೇಲಿನ ಮೌನವೋ ಎಂಬುದನ್ನು ಹೇಳಬಲ್ಲನು. ಉಪಕರಣವು ಹೇಳಲಾರದು. ಅಮೆರಿಕೆಯ ಜಾನ್ ಕೇಜ್ ಎಂಬ ವಾಗ್ಗೇಯಕಾರನು ೧೯೫೨ರಲ್ಲಿ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡುಗಳ ಕೃತಿಯೊಂದನ್ನು ರಚಿಸಿದನು. ಅದರಲ್ಲಿ ವಾದಕರು ಒಂದು ಸ್ವರವನ್ನೂ ನುಡಿಸುವುದಿಲ್ಲ. ವಾದ್ಯಗಳನ್ನು ಹಿಡಿದು ಸುಮ್ಮನೆ ಇರುತ್ತಾರೆ. ಇದು ಸಂಗೀತವೋ ವಿನೋದವೋ ಎಂಬ ವಾದವನ್ನು ರಸಿಕರಿಗೆ ಬಿಡಬಹುದು. ೨೦೦೪ನೆಯ ಜನವರಿಯಲ್ಲಿ ಲಂಡನ್ನಿನ ಬಿ. ಬಿ. ಸಿ. ಸಂಸ್ಥೆಯು ಪೂರ್ಣ ವಾದ್ಯಮೇಳದೊಡನೆ ಅದನ್ನು ಪ್ರಸಾರಮಾಡಿತು. ಆಗ ನಿಶ್ಶಬ್ದವನ್ನು ಕಂಡೊಡನೆ ತಾನಾಗಿ ಎಚ್ಚತ್ತು ಬದಲು ಸಂಗೀತವನ್ನು ಹೊರಡಿಸುವ ತನ್ನ ಆಪತ್ಕಾಲದ ಏರ್ಪಾಟನ್ನು ಸಂಸ್ಥೆಯು ಮುಂಚಿತವಾಗಿಯೇ ಆರಿಸಿ ಇಡಬೇಕಾಯಿತು. ಭಾರತದಲ್ಲಿಯೂ ಇದು ವಿನೋದದ ಮಾತಲ್ಲ. ಜನವರಿ ೩೦ರಂದು ಬೆಳಗ್ಗೆ ಹನ್ನೊಂದು ಗಂಟೆಗೆ ಮಹಾತ್ಮರ ಸ್ಮರಣೆಯಲ್ಲಿ ಎರಡು ನಿಮಿಷ ಮೌನವನ್ನು ಆಚರಿಸುವುದುಂಟು. ಅಂದು ಪ್ರಸಾರದಲ್ಲಿಯೂ ಮೌನವನ್ನು ಪಾಲಿಸಬೇಕೆನ್ನುವ ನಿಲಯದವರು ಮೊದಲು ಈ ಕಾವಲುಗಾರನ ಕಿವಿ ಮುಚ್ಚಬೇಕು. ಮರೆತರೆ ನಡುವೆಯೇ ಚಿತ್ರಗೀತೆಯೊಂದು ಮೊಳಗೀತು.

ಇದರ ಇನ್ನೊಂದು ಮುಖವು ಹೆಚ್ಚು ಅಪಾಯದ್ದು. ಹರಿದ ತಂತಿಯು ಎಲ್ಲ ಸಮಯದಲ್ಲಿಯೂ ಮೂಕವಾಗಿರುವುದಿಲ್ಲ. ಎಷ್ಟೋ ಸಲ ಅದರಲ್ಲಿ ವಿದ್ಯುತ್ತಿನ ಗುಂಯ್‌ಗಾರವು ತುಂಬಿಕೊಳ್ಳುತ್ತದೆ. ಸದ್ದಿದೆ, ಮಟ್ಟವಿದೆ, ಕಾಲಾವಧಿಯಿದೆ. ಉಪಕರಣಕ್ಕೆ ಎಲ್ಲವೂ ಕ್ಷೇಮ. ಊರಿಗೆ ಮಾತ್ರ ಜೀರುಂಡೆಯ ನಾದ ಕೇಳಿಸುತ್ತಿರುತ್ತದೆ. ಯಂತ್ರಗಳನ್ನು ಮಾಡುವವರು ಇದಕ್ಕೂ ಉಪಾಯಗಳನ್ನು ಕಂಡುಹಿಡಿದಿದ್ದಾರೆ, ಎಡಬಲದ ಧ್ವನಿಗಳನ್ನು ಹೋಲಿಸಿ ನೋಡುವುದು ಮೊದಲಾದುವು. ಅವುಗಳ ವಿಸ್ತಾರವು ಇಲ್ಲಿ ಬೇಡ. ಮೂಲಧ್ವನಿ ಮರಳಿ ಬಂದಾಗ ಒಡನೆಯೇ ಅದಕ್ಕೆ ಹೊರಳಬೇಕೋ, ಸ್ವಲ್ಪ ಕಾದು ಅದರ ಸ್ಥೈರ್ಯವನ್ನು ಪರೀಕ್ಷಿಸಿ ಹೊರಳಬೇಕೋ ಎಂಬುದೂ ಒಂದು ಪ್ರಶ್ನೆ. ತುಂಡುತುಂಡಾಗಿ ಬಂದುಹೋಗುವ ತಂತಿಯ ಹಿಂದೆ ಯಂತ್ರವೂ ಅತ್ತಿತ್ತ ಹಾರುತ್ತ ಹೋದರೆ ಆ ಗೊಂದಲಕ್ಕಿಂತ ನಿಶ್ಶಬ್ದವೇ ವಾಸಿ. ಆದುದರಿಂದ ಕಾದುನೋಡುವ ಪಕ್ಷವೇ ಮೇಲು.

ಜೈಮಿನಿಯ ಪ್ರತಿನಿಧಿವಿಚಾರದಲ್ಲಿ ನಿಷೇಧಭಾಗವೂ ಒಂದುಂಟು. ದೇವತೆಗೆ ಪ್ರತಿನಿಧಿಯಿಲ್ಲ, ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ, ಕ್ರಿಯೆಗೆ ಇಲ್ಲ. ಯಜಮಾನನಿಗೂ ಇಲ್ಲ, ಏಕೆಂದರೆ ಫಲವು ಸೇರತಕ್ಕುದು ಅವನಿಗೆ. ಅಕ್ಕಿಗೆ ಬದಲು ಬೇರೆ ಧಾನ್ಯ ಬರಬಹುದು, ಯಾಗಮಾಡುವವನ ಜಾಗಕ್ಕೆ ಬೇರೊಬ್ಬನನ್ನು ಕೂಡಿಸುವಂತಿಲ್ಲ. ಈ ನಿಷೇಧವನ್ನು ಮರೆತ ಊರಿನ ಕಥೆಯನ್ನು ಹೇಳದೆ ಈ ವಿಷಯವು ಪೂರ್ಣವಾಗದು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಡಕೋಟಾ ಪ್ರಾಂತದಲ್ಲಿ ಮೈನಾಟ್ ಎಂಬುದೊಂದು ಪಟ್ಟಣ. ೨೦೦೨ನೆಯ ಜನವರಿ ೧೮ರಂದು, ಕೊರೆಯುವ ಚಳಿಯ ನಡುರಾತ್ರಿ ಕಳೆದ ಮೇಲೆ, ಊರ ಅಂಚಿನಲ್ಲಿ ಸರಕಿನ ರೈಲೊಂದು ಹಳಿತಪ್ಪಿತು. ಗೊಬ್ಬರಕ್ಕಾಗಿ ಸಾಗುತ್ತಿದ್ದ ಅಮೋನಿಯಾದ ಟ್ಯಾಂಕುಗಳು ಒಡೆದು, ಕಣ್ಣನ್ನೂ ಉಸಿರನ್ನೂ ಸುಡುವ ಆ ವಿಷವಾಯುವು ಮೋಡದಂತೆ ಮನೆಗಳ ಮೇಲೆ ಹರಡಿತು. ಮನೆಯೊಳಗೇ ಇರಬೇಕೋ ಓಡಬೇಕೋ, ಕಿಟಕಿಗಳನ್ನು ಮುಚ್ಚಬೇಕೋ ಎಂಬುದನ್ನು ತಿಳಿಯಲು ಜನ ಕತ್ತಲೆಯಲ್ಲಿ ರೇಡಿಯೋವನ್ನು ತಿರುಗಿಸಿದರು. ಊರಿನ ನಿಲಯಗಳಲ್ಲಿ ಹೆಚ್ಚಿನವು ದೂರದ ಒಂದೇ ಒಡೆತನಕ್ಕೆ ಸೇರಿದ್ದುವು. ರಾತ್ರಿಯ ಹೊತ್ತು ತಾವಾಗಿಯೇ ನಡೆಯುವಂತೆ ಅವುಗಳನ್ನು ಯಂತ್ರಕ್ಕೆ ಒಪ್ಪಿಸಿದ್ದರು. ಪೋಲೀಸರು ನಿಲಯಕ್ಕೆ ಟೆಲಿಫೋನು ಮಾಡಿದರೆ ಎತ್ತುವವರು ಸಿಕ್ಕಲಿಲ್ಲ. ಆಪತ್ತಿನ ಎಚ್ಚರಿಕೆಯನ್ನು ಬಲವಂತವಾಗಿ ಪ್ರಸಾರಕ್ಕೆ ನುಗ್ಗಿಸುವ ಸರ್ಕಾರದ ಏರ್ಪಾಟೂ ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ. ತಪ್ಪು ನಿಲಯದವರದೋ ಪೋಲೀಸರದೋ ಎಂಬ ವಾದವು ಬಹಳ ಕಾಲ ನಡೆಯಿತು. ಒಬ್ಬರು ಸತ್ತರು, ಮುನ್ನೂರಕ್ಕೂ ಮಿಕ್ಕಿದ ಜನ ಗಾಯಗೊಂಡರು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪ್ರಸಾರಶಾಸ್ತ್ರದ ದೃಷ್ಟಿಯಿಂದ ಆ ಯಂತ್ರಗಳಲ್ಲಿ ಲೋಪವಿರಲಿಲ್ಲ. ಮುದ್ರಿತ ಸಂಗೀತವು ತನ್ನ ಪಾಳಿಯಂತೆ ನಡೆಯುತ್ತಿರುವಾಗ ನಿಶ್ಶಬ್ದದ ಕಾವಲುಗಾರನಿಗೆ ಎಚ್ಚರಗೊಳ್ಳಲು ಕಾರಣವೇ ಇಲ್ಲ. ಕಾಣೆಯಾಗಿದ್ದವನು ಯಜಮಾನ. ಧ್ವನಿ ತಪ್ಪಿದರೆ ಕೂಗುವ ಉಪಕರಣವುಂಟು. ಧ್ವನಿಯ ಹಿಂದೆ ಮನುಷ್ಯನಿಲ್ಲವೆಂದು ಕೂಗುವ ಉಪಕರಣವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಪ್ರತಿನಿಧಿಯ ಏರ್ಪಾಟು ಚೆನ್ನಾಗಿದ್ದಷ್ಟೂ ಯಜಮಾನನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆಂಬುದೇ ಇದರೊಳಗಿನ ವಿಪರ್ಯಾಸ.

ಈ ಮಾತು ಸಣ್ಣ ನಿಲಯಗಳಿಗೆ ಹೆಚ್ಚಾಗಿ ಮುಟ್ಟತಕ್ಕುದು. ಭಾರತ ಸರ್ಕಾರವು ೨೦೦೬ರಲ್ಲಿ ಸಮುದಾಯ ಬಾನುಲಿಯ ನೀತಿಯನ್ನು ವಿಸ್ತರಿಸಿ, ವಿದ್ಯಾಸಂಸ್ಥೆಗಳಿಗಲ್ಲದೆ ಸೇವಾಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. ಆ ನೀತಿಯ ಪ್ರಕಾರ ಸಾಮಾನ್ಯವಾಗಿ ೧೦೦ ವಾಟಿನ ಪ್ರಸಾರಶಕ್ತಿ, ೩೦ ಮೀಟರಿನೊಳಗಿನ ಕಂಬ. ಕೆಲವು ಹಳ್ಳಿಗಳಿಗೆ ಸಾಕಾಗುವಷ್ಟು ದನಿ. ಆ ಅನುಮತಿ ಬರುವುದಕ್ಕೆ ಮೊದಲು, ೨೦೦೩ರ ಸುಮಾರಿನಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ನಿಲಯದವರು ಪ್ರಸಾರಯಂತ್ರವಿಲ್ಲದೆಯೇ ನಿಲಯ ನಡೆಸಿದ್ದುಂಟು. ಅಲೆಗೆ ಅಪ್ಪಣೆ ಇರಲಿಲ್ಲವಾಗಿ ಊರಿನ ಟೆಲಿವಿಷನ್ ಕೇಬಲಿನ ತಂತಿಯಲ್ಲಿಯೇ ತಮ್ಮ ಮಾತನ್ನು ಮನೆಮನೆಗೆ ಕಳುಹಿಸಿದರು. ಹಳ್ಳಿಯ ಹೆಂಗಸರು ತಾವೇ ಮಾತಾಡಿದರು, ತಾವೇ ಕೇಳಿದರು. ಕುದುರೆಯಿಲ್ಲದಿದ್ದರೂ ಸವಾರನು ನಡೆದೇ ಊರನ್ನು ಸೇರಿದಂತಾಯಿತು.

ಇಂತಹ ನಿಲಯಕ್ಕೆ ಎರಡು ಪ್ರಸಾರಯಂತ್ರ, ಉಪಗ್ರಹದ ಬೋಗುಣಿ, ದೊಡ್ಡ ಜನರೇಟರು ಎಲ್ಲಿಂದ ಬಂದಾವು? ಬಾರವು. ಅಲ್ಲಿ ಬಾಯಿಯೂ ಯಂತ್ರವೂ ಮೈಸೂರಿನ ಆ ಮೊದಲ ಮನೆಯಲ್ಲಿದ್ದಂತೆ ಒಂದೇ ಸೂರಿನ ಕೆಳಗಿರುವುದರಿಂದ ನಡುದಾರಿಯ ವ್ಯಾಧಿಗಳು ಕಡಿಮೆ. ಹಣವಿದ್ದಷ್ಟರಲ್ಲಿ ಮೊದಲು ಬ್ಯಾಟರಿಗಳು. ಕರೆಂಟು ಹೋದರೆ ನಾಲ್ಕು ಗಂಟೆಯಾದರೂ ಯಂತ್ರ ನಡೆಯುವಷ್ಟು. ಆಮೇಲೆ ಮುದ್ರಿತ ಧ್ವನಿಗಳ ಸಣ್ಣದೊಂದು ಪೆಟ್ಟಿಗೆ. ಅದರಲ್ಲಿ ಹಾಡುಗಳ ಜೊತೆಗೆ, ಕೆರೆ ಒಡೆದರೆ ಯಾವ ದಿಬ್ಬಕ್ಕೆ ಹೋಗಬೇಕು, ಆಸ್ಪತ್ರೆ ಎಲ್ಲಿ, ಯಾರನ್ನು ಕೂಗಬೇಕು ಎಂಬ ಮಾತುಗಳನ್ನು ಊರವರ ದನಿಯಲ್ಲೇ ಓದಿಸಿ ಇಟ್ಟಿರಬೇಕು. ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಯಾರಾದರೂ ಹೋಗಿ ಮುಖ್ಯ ತಂತಿಯನ್ನು ಕಿತ್ತು ನೋಡಬೇಕು. ಎರಡನೆಯ ಧ್ವನಿ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ಬರೆದಿಡಬೇಕು. ಆ ಪುಸ್ತಕದಲ್ಲಿ ಮೂರು ತಿಂಗಳು ಏನೂ ಬರೆದಿಲ್ಲವೆಂದರೆ ನಿಲಯಕ್ಕೆ ಎರಡನೆಯ ಧ್ವನಿ ಇಲ್ಲವೆಂದೇ ತಿಳಿಯತಕ್ಕುದು.

ಇದಾದ ಮೇಲೆ ಒಂದು ಹಾಳೆಯ ಮೇಲೆ, ನಡುರಾತ್ರಿಯಲ್ಲಿ ಎಬ್ಬಿಸಿದರೆ ಎದ್ದು ಬಂದು ಮೈಕಿನ ಮುಂದೆ ಕೂಡಬಲ್ಲ ಇಬ್ಬರ ಹೆಸರನ್ನೂ ಮನೆಯ ಗುರುತನ್ನೂ ದಪ್ಪ ಅಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ನಿಲಯದ ಬಾಗಿಲಿಗೂ ಇನ್ನೊಂದನ್ನು ಪೋಲೀಸ್ ಠಾಣೆಯ ಗೋಡೆಗೂ ಅಂಟಿಸಬೇಕು. ಆ ಇಬ್ಬರ ಮನೆಗಳು ಒಂದೇ ಬೀದಿಯಲ್ಲಿರಬಾರದು.